ತಣ್ಣನೆ ತಟ್ಟೆಯ ಮುಂದೆ ತಂಪಣ್ಣ

ಫ್ರಿಜ್ಜಿನ ಮುಂಭಾಗ ಎಷ್ಟು ತಂಪೋ ಹಿಂಭಾಗ ಅಷ್ಟೇ ಬಿಸಿ. ಇದನ್ನು ತಿಳಿಯಲು ವಿಜ್ಞಾನದ ಪುಸ್ತಕ ಬಿಡಿಸಬೇಕಾಗಿಲ್ಲ, ನಮ್ಮ ಭಾವನ ಜೊತೆ ಒಂದು ಮಧ್ಯಾಹ್ನ ಕಳೆದರೆ ಸಾಕು. ಅಕ್ಕನ ಗಂಡನಾದ ಅವರನ್ನು ಊರೆಲ್ಲ ಕರೆಯುವುದು ತಂಪಣ್ಣ ಎಂದು. ಹೆಸರು ಬಂದದ್ದು ಫ್ರಿಜ್ ರಿಪೇರಿಯ ಕಸುಬಿನಿಂದ. ಸ್ವಭಾವ ನೋಡಿ ಇಟ್ಟಿದ್ದರೆ ಕುದಿಯಣ್ಣ ಎನ್ನಬೇಕಾಗಿತ್ತು. ಗಿರಾಕಿಗಳ ಮುಂದೆ ತಣ್ಣಗೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಆಮೇಲೆ ಅಡುಗೆಮನೆಗೆ ಬಂದು ಅಕ್ಕನ ಮುಂದೆ ಕುದಿಯುತ್ತಾರೆ. ತನ್ನದು ಫ್ರಿಜ್ಜಿನ ಹಿಂಭಾಗದ ಸಂಸಾರ ಎಂದು ಅಕ್ಕ ಹೇಳುವುದುಂಟು.

ಅವರ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನಿಗೂ ಹಳೇ ಟೈರಿನವನಿಗೂ ನಡುವೆ. ಬೆಳಿಗ್ಗೆ ಶಟರ್ ಎತ್ತಿದರೆ ಒಳಗಿನ ಫ್ರಿಜ್ಜುಗಳು ಒಂದೊಂದಾಗಿ ಫುಟ್‌ಪಾತಿಗೆ ಬಂದು, ಹಲ್ಲಿನ ಡಾಕ್ಟರ ಮುಂದೆ ಕೂತವರ ಹಾಗೆ ಬಾಯಿ ತೆರೆದು ನಿಲ್ಲುತ್ತವೆ. ಬೇರೆ ಮೆಕ್ಯಾನಿಕ್‌ಗಳು ಇಂಥ ಹೊತ್ತಿನಲ್ಲಿ ಬ್ಯಾಗಿನಿಂದ ಮೀಟರು ಹೊರತೆಗೆಯುತ್ತಾರೆ. ಭಾವ ಶರ್ಟಿನ ತೋಳು ಮಡಿಸುತ್ತಿದ್ದರು. ಬಲಗೈಯ ಅಂಗೈಯನ್ನು ಫ್ರೀಜರಿನ ಗೋಡೆಗೆ ಒತ್ತಿ, ಎಡಗೈಯ ಬೆರಳ ತುದಿಯನ್ನು ಹಿಂದಿನ ತಾಮ್ರದ ಪೈಪಿಗೆ ತಾಗಿಸಿ, ಕಣ್ಣು ಮುಚ್ಚಿ, ನಾಡಿ ನೋಡುವ ವೈದ್ಯರಂತೆ ಒಂದು ಕ್ಷಣ ನಿಲ್ಲುತ್ತಿದ್ದರು. ಗ್ಯಾಸು ಅರ್ಧ ಹೋಗಿದೆ ಎಂದರೆ ಅರ್ಧ ಹೋಗಿರುತ್ತಿತ್ತು. ಫ್ಯಾನು ಸುಸ್ತಾಗಿದೆ ಎಂದರೆ ಫ್ಯಾನು ಸುಸ್ತಾಗಿರುತ್ತಿತ್ತು. ಮೀಟರ್ ಇರುವುದು ಕೈ ಇಲ್ಲದವರಿಗೆ ಎಂಬುದು ಅವರ ಘೋಷಣೆಯಾಗಿತ್ತು. ಒಮ್ಮೆ ಅಕ್ಕ ಆಸೆಪಟ್ಟು, ಕಡ್ಡಿಯಂಥ ಮೂತಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಉಡುಗೊರೆ ಕೊಟ್ಟಿದ್ದಳು. ಅದು ಅಂಗಡಿಯಲ್ಲಿ ಅಲುಗಾಡುವ ಮೇಜಿನ ಕಾಲಿಗೆ ಒತ್ತು ಕೊಡುವ ಕೆಲಸಕ್ಕೆ ನೇಮಕವಾಯಿತು, ಡಬ್ಬಿಯ ಸಮೇತ.

ಹೋದ ವರ್ಷ ಭಾವನ ಹೊಟ್ಟೆಯೇ ರಿಪೇರಿಗೆ ಬಂತು. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್. ಆಪರೇಷನ್ ಮಾಡಿ ಒಂದು ಗೇಣಿನಷ್ಟು ತೆಗೆದರು. ನೋಡಲು ಬಂದವರು ಮುಖ ಇಳಿಸಿಕೊಂಡು ಮಂಚದ ಪಕ್ಕ ಕೂತರೆ ಭಾವನೇ ಅವರಿಗೆ ಸಮಾಧಾನ ಹೇಳುತ್ತಿದ್ದರು: ಪೈಪಿನಲ್ಲಿ ಬ್ಲಾಕ್ ಇತ್ತು, ಆ ತುಂಡು ಕತ್ತರಿಸಿ ಎರಡು ತುದಿಗೂ ಬೆಸುಗೆ ಹಾಕಿದ್ದಾರೆ, ಲೀಕ್ ಇಲ್ಲ, ಇನ್ನು ಗ್ಯಾಸ್ ಚಾರ್ಜ್ ಮಾಡುವುದೊಂದು ಬಾಕಿ. ಗ್ಯಾಸ್ ಚಾರ್ಜ್ ಎಂದರೆ ಕೀಮೋಥೆರಪಿ. ಎರಡು ಮೂರು ಮದ್ದು ಸೇರಿಸಿ, ಡ್ರಿಪ್ಪಿನಲ್ಲಿ, ಹಲವು ಸುತ್ತು.

ಮೊದಲ ಸುತ್ತಿಗೆ ಮುಂಚೆ ಡಾಕ್ಟರಮ್ಮ ಎಚ್ಚರಿಕೆ ಹೇಳಿದರು. ಈ ಮದ್ದುಗಳಲ್ಲಿ ಒಂದು ನರಗಳ ಮೇಲೂ ಕೈ ಮಾಡುತ್ತದೆ. ತಣ್ಣನೆಯ ವಸ್ತು ಮುಟ್ಟಬಾರದು, ತಣ್ಣನೆಯದು ಕುಡಿಯಬಾರದು, ಫ್ರಿಜ್ಜಿನ ಬಾಗಿಲು ಬೇರೆಯವರು ತೆಗೆಯಲಿ.

“ಡಾಕ್ಟ್ರೇ, ನಾನು ಫ್ರಿಜ್ ರಿಪೇರಿ ಮಾಡೋನು” ಎಂದರು ಭಾವ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರಂತೆ.

ಆಸ್ಪತ್ರೆಯಿಂದ ಬಂದ ಸಂಜೆ ಭಾವ ಎಂದಿನ ಅಭ್ಯಾಸದಂತೆ ಫ್ರಿಜ್ಜು ತೆರೆದು ನೀರಿನ ಬಾಟಲಿಗೆ ಕೈ ಹಾಕಿದರು. ಬಾಟಲಿ ನೆಲಕ್ಕೆ ಬಿತ್ತು. ಬೆರಳಿನಿಂದ ಮೊಣಕೈವರೆಗೆ ಕರೆಂಟು ಹೊಡೆದಂತಾಗಿತ್ತು. ಬೇರೆಯವರಾಗಿದ್ದರೆ ಡಾಕ್ಟರ ಮಾತು ನೆನಪಿಸಿಕೊಳ್ಳುತ್ತಿದ್ದರು. ಭಾವ ಮೇನ್ ಸ್ವಿಚ್ಚು ಆರಿಸಿದರು. ತಮ್ಮ ಮನೆಯ ಫ್ರಿಜ್ಜಿನ ಮೈಗೆ ಕರೆಂಟು ಬರುವುದೆಂದರೇನು, ಗಿರಾಕಿಗಳಿಗೆ ಗೊತ್ತಾದರೆ ಮರ್ಯಾದೆ ಉಳಿಯುತ್ತದೆಯೇ. ಫ್ರಿಜ್ಜನ್ನು ಗೋಡೆಯಿಂದ ಎಳೆದು, ಹಿಂದಿನ ತಗಡು ಬಿಚ್ಚಿ, ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಮತ್ತೆ ಸ್ವಿಚ್ಚು ಹಾಕಿ ಟೆಸ್ಟರ್ ಹಿಡಿದರೆ ಅದರ ದೀಪ ಹತ್ತಲಿಲ್ಲ. ಬಾಟಲಿ ಮುಟ್ಟಿದರು, ಶಾಕ್. ಟೆಸ್ಟರ್ ಹಿಡಿದರು, ದೀಪವಿಲ್ಲ. ಟೆಸ್ಟರೇ ಕೆಟ್ಟಿದೆ ಎಂದು ಇನ್ನೊಂದು ಟೆಸ್ಟರ್ ಹುಡುಕಲು ಹೊರಟಾಗ ಅಕ್ಕ ಬಂದು ಫ್ರೀಜರಿನೊಳಗೆ ಮುಂಗೈಯವರೆಗೆ ಕೈ ಹಾಕಿ ನಿಂತಳು.

“ಶಾಕು ಫ್ರಿಜ್ಜಲ್ಲಿಲ್ಲ ರೀ. ನಿಮ್ಮಲ್ಲಿದೆ.”

ಅಂದಿನಿಂದ ಆ ಮನೆಯಲ್ಲಿ ತಣ್ಣನೆಯದೆಲ್ಲ ಅಕ್ಕನ ಖಾತೆಗೆ ಸೇರಿತು. ನಲ್ಲಿಯ ನೀರು, ಸ್ಟೀಲಿನ ಲೋಟ, ಬಾಗಿಲ ಚಿಲಕ, ಕಿಟಕಿಯ ಸರಳು ಎಲ್ಲವೂ ಭಾವನಿಗೆ ಮುಳ್ಳಾದವು. ಒಂದು ಗುಟುಕು ತಣ್ಣೀರು ಕುಡಿದರೆ ಗಂಟಲೇ ಮುಚ್ಚಿಹೋದಂತೆ. ಊರಿಗೆಲ್ಲ ಐಸು ಕಟ್ಟಿಸುವ ಮನುಷ್ಯ ಬೆಚ್ಚನೆ ನೀರನ್ನು ಪ್ಲಾಸ್ಟಿಕ್ ಲೋಟದಲ್ಲಿ ಕುಡಿಯತೊಡಗಿದರು. ಅಕ್ಕ ಅಂಗಡಿಗೆ ಹೋಗಿ ಮೇಜಿನ ಕಾಲಡಿಯಿಂದ ತನ್ನ ಥರ್ಮಾಮೀಟರನ್ನು ಬಿಡಿಸಿಕೊಂಡು ಬಂದಳು. ಮೇಜು ಮತ್ತೆ ಅಲುಗಾಡತೊಡಗಿತು. ಭಾವನಿಗೆ ಕೊಡುವ ನೀರು, ಹಾಲು, ಸಾರು ಎಲ್ಲವೂ ಮೊದಲು ಆ ಕಡ್ಡಿಯ ಅಪ್ಪಣೆ ಪಡೆದು ಲೋಟಕ್ಕೆ ಇಳಿಯುತ್ತಿದ್ದವು. ಅದು ಅವಳ ಕೈಚೀಲದಲ್ಲೇ ಇರುತ್ತಿತ್ತು.

ಪ್ರತಿ ಸುತ್ತಿಗೂ ಡಾಕ್ಟರಮ್ಮ ಕೇಳುತ್ತಿದ್ದರು: ಕೈಕಾಲಿನ ಜೋಮು, ಉರಿ ಎಷ್ಟಿದೆ, ಒಂದರಿಂದ ಹತ್ತರೊಳಗೆ ಹೇಳಿ. ಭಾವ ಪ್ರತಿ ಸಲವೂ ಎರಡು ಎನ್ನುತ್ತಿದ್ದರು. ಎರಡಾಗಿರಲಿಲ್ಲ. ಬೆರಳ ತುದಿಗಳು ಮರಗಟ್ಟಿ ಸ್ಕ್ರೂ ಜಾರಿ ಬೀಳುತ್ತಿತ್ತು. ಶರ್ಟಿನ ಗುಂಡಿ ಹಾಕಲು ಅಕ್ಕ ಬೇಕಾಗಿತ್ತು. ಚಪ್ಪಲಿ ಕಾಲಿನಿಂದ ಕಳಚಿಹೋದರೂ ಗೊತ್ತಾಗದೆ ಒಂದು ದಿನ ಬೀದಿಯ ತುದಿಯವರೆಗೆ ಬರಿಗಾಲಲ್ಲಿ ನಡೆದಿದ್ದರು. ಆದರೆ ನಿಜ ಹೇಳಿದರೆ ಆ ಒಂದು ಮದ್ದನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಅದು ಭಾವನಿಗೆ ಒಪ್ಪಿಗೆಯಿಲ್ಲ.

“ಅರ್ಧ ಗ್ಯಾಸ್ ತುಂಬಿ ಕಳಿಸೋ ಮೆಕ್ಯಾನಿಕ್‌ನ ನಾನು ಅಂಗಡಿ ಮೆಟ್ಟಿಲು ಹತ್ತಿಸಲ್ಲ. ಪೂರ್ತಿ ತುಂಬಲಿ” ಎಂದರು ಅಕ್ಕನಿಗೆ. “ಕರುಳು ಕೊಟ್ಟಾಯ್ತು. ಕೈ ಕೊಡಲ್ಲ.”

ಕೈ ಆಗಲೇ ಕೈ ಕೊಡುತ್ತಿತ್ತು ಎಂಬುದನ್ನು ಒಪ್ಪಲು ಅವರು ತಯಾರಿರಲಿಲ್ಲ. ಬದಲಿಗೆ ಹೊಸ ಸಿದ್ಧಾಂತವೊಂದನ್ನು ಹೊರಡಿಸಿದರು. ಮೊದಲು ತಮ್ಮ ಅಂಗೈ ಬರೀ ಮೀಟರಾಗಿತ್ತು, ಈಗ ಮದ್ದಿನ ದಯದಿಂದ ಮೈಕ್ರೋಸ್ಕೋಪಾಗಿದೆ. ತಣ್ಣಗಿರುವುದನ್ನು ಮುಟ್ಟಿದೊಡನೆ ಕಿರಿಚಿ ಹೇಳುವ ಕೈ, ಫ್ರಿಜ್ ಮೆಕ್ಯಾನಿಕ್‌ಗೆ ಇನ್ನೇನು ಬೇಕು. ನೋಯುತ್ತದೆ, ನೋಯಲಿ. ಹೀಗೆ ಹೇಳಿ ಅಂಗಡಿ ತೆರೆಯುತ್ತಲೇ ಇದ್ದರು. ಡ್ರಿಪ್ ಹಾಕಿಸಿಕೊಂಡ ನಂತರದ ಎರಡು ದಿನ ಮಾತ್ರ ಮಲಗುತ್ತಿದ್ದರು, ಮೂರನೆಯ ದಿನ ಶಟರಿನ ಹಿಡಿಗೆ ಟವೆಲ್ ಸುತ್ತಿ ಎತ್ತುತ್ತಿದ್ದರು.

ನನ್ನ ತಮ್ಮ, ಎಂದರೆ ಅವರ ಭಾವಮೈದ, ಒಳ್ಳೆಯವನು. ಅವನ ಒಳ್ಳೆಯತನ ಮಾತ್ರ ಯಾವಾಗಲೂ ಒಂದು ಯೋಜನೆಯ ಜೊತೆ ಬರುತ್ತದೆ. ಅಂಗಡಿಯನ್ನು ಮೊಬೈಲ್ ಕವರ್ ಮಾರುವವರಿಗೆ ಬಾಡಿಗೆಗೆ ಕೊಟ್ಟು ಭಾವ ಮನೆಯಲ್ಲಿ ಆರಾಮಾಗಿ ಇರಬಹುದಲ್ಲ ಎಂದು ಒಂದು ಭಾನುವಾರ ಬಂದು ವಿಷಯ ತೆಗೆದ. ಗಿರಾಕಿ ಗೊತ್ತು ಮಾಡಿಯೇ ಬಂದಿದ್ದ. ಕೈಯಲ್ಲಿ ಸ್ಕ್ರೂ ನಿಲ್ಲದವರು ಸ್ಕ್ರೂಡ್ರೈವರ್ ಹಿಡಿಯುವುದೇಕೆ ಎಂದು ಅವನು ಕೇಳಿದ್ದರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಆದರೆ ಆಗ ಭಾವನ ಕೈಯಿಂದ ಬಿಸ್ಕತ್ತು ಜಾರಿ ಕೆಳಗೆ ಬಿದ್ದಿತ್ತು. ಅದನ್ನು ಎಲ್ಲರೂ ನೋಡಿದೆವು, ನೋಡಿಲ್ಲವೆಂಬಂತೆಯೂ ಕೂತೆವು.

“ಬಾಮೈದ, ಕೇಳಿಸ್ಕೋ” ಎಂದರು ಭಾವ. “ಈ ಕೈ ಒಂದೇ ಒಂದು ಮಷೀನಿನ ಬಗ್ಗೆ ತಪ್ಪು ಹೇಳಿದ ದಿನ, ಅಂಗಡಿ ಬೀಗದ ಕೈ ನಾನೇ ತಂದು ನಿನ್ನ ಕೈಗೆ ಕೊಡ್ತೀನಿ. ಅಲ್ಲೀವರೆಗೂ ಬೀಗ ನಿನ್ನ ಬಾಯಿಗಿರಲಿ.”

ಅಕ್ಕ ಬಿಸ್ಕತ್ತು ಹೆಕ್ಕಿ ತಟ್ಟೆಗೆ ಹಾಕಿದಳು. ಮಾತು ಹೊರಗೆ ಬಿದ್ದಾಗಿತ್ತು, ಅದನ್ನು ಹೆಕ್ಕುವುದು ಅವಳ ಕೈಯಲ್ಲೂ ಇರಲಿಲ್ಲ.

ಇದಾಗಿ ಕೆಲವೇ ದಿನಕ್ಕೆ ಊರಂಚಿನ ಸಂಶೋಧನಾ ಕೇಂದ್ರದಿಂದ ಫೋನು ಬಂತು. ಅಲ್ಲಿನ ಶೀತಲ ಕೋಣೆಯನ್ನು ಭಾವ ವರ್ಷಗಳಿಂದ ನೋಡಿಕೊಳ್ಳುತ್ತಿದ್ದರು. ಈ ಸಲ ಕೆಟ್ಟಿದ್ದು ಕೋಣೆಯಲ್ಲ, ಅವರು ಹಿಂದೆ ನೋಡಿಯೇ ಇರದ ಒಂದು ಯಂತ್ರ. ಇಲಿಗಳ ವಿಭಾಗದ ಸಂಶೋಧಕಿ, ಅಲ್ಲಿನವರ ಬಾಯಲ್ಲಿ ಇಲಿ ಮೇಡಂ, ಭಾವನನ್ನು ಎರಡು ಬಾಗಿಲು ದಾಟಿಸಿ ಒಳಗೆ ಕರೆದುಕೊಂಡು ಹೋದಳು. ಕಾಲಿಗೆ ಪ್ಲಾಸ್ಟಿಕ್ ಚೀಲ, ತಲೆಗೆ ಟೋಪಿ, ಕೈಗೆ ಗ್ಲೌಸು. ಒಳಗೆ ಮರದ ಹೊಟ್ಟಿನ ವಾಸನೆ. ಕಪಾಟಿನ ತುಂಬ ಪಾರದರ್ಶಕ ಡಬ್ಬಿಗಳು, ಡಬ್ಬಿಗಳ ತುಂಬ ಬಿಳಿ ಇಲಿಗಳು, ಬಾಲದ ಮೇಲೆ ಪೆನ್ನಿನಲ್ಲಿ ಎಳೆದ ಗೆರೆಗಳು. ಮೇಜಿನ ಮೇಲೆ ದೊಡ್ಡ ಪುಸ್ತಕದಷ್ಟು ಅಗಲದ ಒಂದು ಲೋಹದ ತಟ್ಟೆ, ಅದರ ಹೊಟ್ಟೆಯೊಳಗೆ ಆಟದ ಸಾಮಾನಿನಂಥ ಪುಟ್ಟ ಕಂಪ್ರೆಸರ್, ಮುಂದೆ ಅಂಕಿ ತೋರಿಸುವ ಕಿಟಕಿ. ಕಿಟಕಿಯಲ್ಲಿ ನಾಲ್ಕು ಡಿಗ್ರಿ ಎಂದಿತ್ತು.

ಇಲಿ ಮೇಡಂ ವಿವರಿಸಿದಳು. ಇಲಿಯನ್ನು ಈ ತಣ್ಣನೆ ತಟ್ಟೆಯ ಮೇಲೆ ಬಿಟ್ಟು ಅದು ಎಷ್ಟು ಬೇಗ ಕಾಲೆತ್ತುತ್ತದೆ ಎಂದು ನೋಡುತ್ತಾರೆ. ಆರೋಗ್ಯವಾಗಿರುವ ಇಲಿ ಸಾವಕಾಶವಾಗಿ ಎತ್ತುತ್ತದೆ. ಕ್ಯಾನ್ಸರಿನ ಒಂದು ಮದ್ದು ಕೊಟ್ಟ ಇಲಿಯ ಪಾದದ ನರಗಳು ಕೆಟ್ಟಿರುವುದರಿಂದ ಅದು ತಟಕ್ಕನೆ ಎತ್ತಿ ಕೊಡವುತ್ತದೆ. ಮದ್ದಿನ ಜೊತೆಗೆ ನರ ಕಾಯುವ ಇನ್ನೊಂದು ಔಷಧಿ ಕೊಟ್ಟರೆ ಏನಾಗುತ್ತದೆ ಎಂಬುದೇ ಅವಳ ಸಂಶೋಧನೆ. ಆದರೆ ಈಗ ಮದ್ದು ಕೊಟ್ಟ ಇಲಿಗಳೂ ಬೇಗ ಕಾಲೆತ್ತುತ್ತಿಲ್ಲ. ಪಾರ್ಕಿಗೆ ಬಂದವರ ಹಾಗೆ ತಟ್ಟೆಯ ಮೇಲೆ ಓಡಾಡಿಕೊಂಡಿವೆ. ಒಂದೋ ತಟ್ಟೆ ಕೆಟ್ಟಿರಬೇಕು, ಇಲ್ಲವೇ ಮದ್ದೇ ಇವಕ್ಕೆ ಸರಿಯಾಗಿ ಹೋಗಿಲ್ಲ.

ಭಾವ ಯಾವ ಮದ್ದೆಂದು ಕೇಳಿದರು. ಅವಳು ಪುಟ್ಟ ಸೀಸೆಯೊಂದನ್ನು ತೋರಿಸಿದಳು. ಅದರ ಮೇಲಿನ ಹೆಸರನ್ನು ಭಾವ ತಮ್ಮ ತಲೆಯ ಮೇಲೆ ತೂಗುವ ಡ್ರಿಪ್ಪಿನ ಚೀಲದ ಮೇಲೆ ಹಲವು ಸಲ ಓದಿದ್ದರು, ಮಲಗಿದವನಿಗೆ ಓದಲು ಅಲ್ಲಿ ಬೇರೇನೂ ಇರುವುದಿಲ್ಲ. ತಮಗೂ ಹೋಗುತ್ತಿರುವುದು ಅದೇ ಎಂದು ಅವರು ಹೇಳಲಿಲ್ಲ. ಹೇಳಿದರೆ ಕೈಯನ್ನು ಅವಳು ನಂಬುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತೋ ಏನೋ. ಗ್ಲೌಸು ಕಳಚಿ, ತೋಳು ಮಡಿಸಿ, ಅಂಗೈಯನ್ನು ತಟ್ಟೆಗೆ ಒತ್ತಿದರು. ಮಿಂಚು ಹೊಡೆದು ಮೊಣಕೈ ದಾಟಿತು. ಕಣ್ಣಲ್ಲಿ ನೀರು ಬಂದರೂ ಮುಖ ಅಲುಗಲಿಲ್ಲ.

“ತಟ್ಟೆ ಸರಿಯಾಗಿದೆ ಮೇಡಂ. ಐಸು ಐಸು. ಇಲಿ ಬದಲಾಯಿಸಿ.”

ವರ್ಷಗಳಿಂದ ಆ ಕೈಯನ್ನು ನೋಡಿದ್ದವಳು ಇಲಿ ಮೇಡಂ. ನಂಬಿದಳು.

ಮುಂದಿನ ವಾರ ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ತಮ್ಮ ಹಳೆಯ ಫ್ರಿಜ್ಜನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಬಂದರು. ಅದು ಅವರ ಮನೆಯ ಮಹಡಿಯಲ್ಲಿ ಮಳೆಗಾಲದಿಂದ ಸುಮ್ಮನೆ ನಿಂತಿತ್ತು, ಮಾರುವ ಮೊದಲು ಒಮ್ಮೆ ತೋರಿಸೋಣ ಎಂದು ಬಂದದ್ದು. ಟೆಂಪೋದವನು ಇಳಿಸಿ ಹೋದ. ಭಾವ ಬಾಗಿಲು ತೆರೆದು, ಅಂಗೈಯನ್ನು ಫ್ರೀಜರಿನ ಗೋಡೆಗಿಟ್ಟು, ಕೈ ಹಿಂದಕ್ಕೆಳೆದು, ಉಸಿರು ಬಿಗಿಹಿಡಿದು, ಕೂಲಿಂಗ್ ಬೆಂಕಿ ಹಾಗಿದೆ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಎಂದು ತೀರ್ಪು ಕೊಟ್ಟರು.

ಹೆಡ್‌ಮಿಸ್ಟ್ರೆಸ್ ಕೊಡೆಯ ತುದಿಯಿಂದ ಫ್ರಿಜ್ಜಿನ ಹಿಂದೆ ತೋರಿಸಿದರು. ಅಲ್ಲಿ ವೈರು ಸುರುಳಿ ಸುತ್ತಿ ನೇತಾಡುತ್ತಿತ್ತು.

“ಪ್ಲಗ್ಗೇ ಹಾಕಿಲ್ಲವಲ್ಲಪ್ಪ” ಎಂದರು.

ಪಕ್ಕದ ಬೀಗದವನು ನಕ್ಕ. ಟೈರಿನವನೂ ನಕ್ಕ. ಭಾವ ತಮಾಷೆ ಮಾಡಿದವರಂತೆ ತಾವೂ ನಕ್ಕು, ಪ್ಲಗ್ಗು ಹಾಕಿ, ಆಮೇಲೆ ಬಂದು ವಿಚಾರಿಸಿ ಎಂದು ಅವರನ್ನು ಕಳಿಸಿ, ಸ್ಟೂಲಿನ ಮೇಲೆ ಕೂತುಬಿಟ್ಟರು. ಊಟದ ಕ್ಯಾರಿಯರ್ ಹಿಡಿದು ಅಕ್ಕ ಬಂದಾಗಲೂ ಹಾಗೇ ಕೂತಿದ್ದರು, ಅಂಗೈಯನ್ನು ತೊಡೆಯ ಮೇಲೆ ಬೇರೆ ಯಾರದೋ ಸಾಮಾನು ಎಂಬಂತೆ ಇಟ್ಟುಕೊಂಡು. ಅವರು ಕೂಗಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಕೂಗಾಡಲಿಲ್ಲ. ಮುಟ್ಟಿದ್ದೆಲ್ಲ ತಣ್ಣಗೆ ಎನ್ನುವ ಕೈ, ತಣ್ಣನೆಯದರ ಬಗ್ಗೆ ಏನೂ ಹೇಳುತ್ತಿಲ್ಲ ಎಂಬುದು ಆ ಸ್ಟೂಲಿನ ಮೇಲೆ ಅವರಿಗೆ ಹೊಳೆದಿತ್ತು. ಅದರ ಬೆನ್ನಿಗೇ ಇನ್ನೊಂದು ನೆನಪಾಗಿತ್ತು.

“ಸ್ಕೂಟರ್ ತಗೊಂಡು ಬಂದಿದ್ದೀಯಾ?” ಎಂದು ಕೇಳಿದರು. “ನಡಿ. ಇಲಿಗಳ ಹತ್ರ ಹೋಗಬೇಕು.”

ಅಕ್ಕ ಓಡಿಸಿದಳು. ಭಾವ ಹಿಂದೆ, ಗಾಳಿ ಮುಖಕ್ಕೆ ಚುಚ್ಚಬಾರದೆಂದು ಟವೆಲ್ ಸುತ್ತಿಕೊಂಡು ದರೋಡೆಕೋರನ ಹಾಗೆ ಕೂತು, ದಾರಿಯುದ್ದಕ್ಕೂ ತಟ್ಟೆಯ ಕಥೆ ಹೇಳಿದರು. ಬಾಮೈದನಿಗೆ ಕೊಟ್ಟ ಮಾತನ್ನು ಇಬ್ಬರೂ ಎತ್ತಲಿಲ್ಲ. ಸ್ಕೂಟರಿನ ಮೇಲೆ ಮೂರನೆಯವನಾಗಿ ಅದೂ ಕೂತಿತ್ತು ಎಂದು ಅಕ್ಕ ಆಮೇಲೆ ಹೇಳಿದಳು.

ಇಲಿ ಮೇಡಂ ಕಾರಿಡಾರಿನಲ್ಲೇ ಸಿಕ್ಕಳು. ಅವಳ ಮುಖವೂ ಚೆನ್ನಾಗಿರಲಿಲ್ಲ. ತಟ್ಟೆ ಸರಿಯಿದೆ ಎಂದ ಮೇಲೆ ಉಳಿದದ್ದು ಮದ್ದಿನ ತಪ್ಪು. ಇಲಿಗಳಿಗೆ ಮದ್ದು ನಾಟಿಲ್ಲವೆಂದು ತೀರ್ಮಾನವಾಗಿ, ಆ ತಂಡವನ್ನೇ ಮುಗಿಸಿ ಹೊಸ ಇಲಿಗಳಿಂದ ಮೊದಲಿನಿಂದ ಶುರು ಮಾಡಬೇಕೆಂದು ಮೇಲಿನವರು ಹೇಳಿದ್ದರು. ಮರುದಿನವೇ.

ಭಾವ ಟವೆಲ್ ಬಿಚ್ಚಿದರು.

“ಮುಗಿಸಬೇಡಿ ಮೇಡಂ. ಇಲಿ ಸರಿಯಾಗಿವೆ. ತಟ್ಟೆ ಸರಿಯಿಲ್ಲ.”

“ನೀವೇ ಮುಟ್ಟಿ ನೋಡಿದ್ರಲ್ಲ ಅಣ್ಣ.”

“ಮುಟ್ಟಿದ ಕೈಗೆ ನಿಮ್ಮ ಇಲಿಗಳಿಗೆ ಹೋದ ಮದ್ದೇ ಹೋಗಿದೆ. ಅದಕ್ಕೆ ಈಗ ಬಿಸಿಲಿಗಿಟ್ಟ ಚಮಚಾನೂ ಐಸು.”

ಅವಳು ಅವರ ಕೈ ನೋಡಿದಳು, ಮುಖ ನೋಡಿದಳು. ಯಂತ್ರವನ್ನು ಹೊರಗಿನ ಕೋಣೆಗೆ ತರಿಸಿದಳು. ಸ್ವಿಚ್ಚು ಹಾಕಿದರು. ಕಿಟಕಿಯಲ್ಲಿ ಅಂಕಿ ಇಳಿಯುತ್ತಾ ಇಳಿಯುತ್ತಾ ನಾಲ್ಕಕ್ಕೆ ನಿಂತಿತು. ಭಾವ ಕೈ ಚಾಚಿದರು. ತಟ್ಟೆಯ ಕಡೆಗಲ್ಲ, ಅಕ್ಕನ ಕಡೆಗೆ. ಅಕ್ಕ ಕೈಚೀಲದಿಂದ ಥರ್ಮಾಮೀಟರ್ ತೆಗೆದಳು. ಆದರೆ ಅವರ ಕೈಗೆ ಕೊಡಲಿಲ್ಲ, ಇಷ್ಟು ವರ್ಷ ಮೇಜಿನ ಕಾಲಡಿ ಬಿದ್ದಿದ್ದಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ. ತಾನೇ ತಟ್ಟೆಗೆ ಒತ್ತಿ ಹಿಡಿದು ಗಟ್ಟಿಯಾಗಿ ಓದಿದಳು. ಹದಿನೆಂಟು.

ತಟ್ಟೆಯನ್ನು ಮಗುಚಿ ಹಾಕಿದಾಗ ಕಾರಣ ಕಂಡಿತು. ತಟ್ಟೆಯ ತಳಕ್ಕೆ ಅಂಟಿರಬೇಕಾಗಿದ್ದ ಸೆನ್ಸರು ಕಳಚಿ ಪಕ್ಕದ ತಣ್ಣನೆ ಪೈಪಿಗೆ ಒರಗಿ ಮಲಗಿತ್ತು. ಪೈಪು ನಾಲ್ಕಕ್ಕೆ ಬಂದೊಡನೆ ತಟ್ಟೆಯೇ ನಾಲ್ಕಕ್ಕೆ ಬಂತೆಂದು ತಿಳಿದು ಕಂಪ್ರೆಸರು ನಿಲ್ಲುತ್ತಿತ್ತು. ಯಂತ್ರಕ್ಕೂ ಅದನ್ನು ನೋಡಲು ಬಂದ ಮೆಕ್ಯಾನಿಕ್‌ಗೂ ಒಂದೇ ಕಾಯಿಲೆ. ಕ್ಲಿಪ್ಪಿನ ಸ್ಕ್ರೂ ಅಕ್ಕಿಕಾಳಿನಷ್ಟಿತ್ತು. ಭಾವನ ಬೆರಳಿನಿಂದ ಅದು ಜಾರಿತು, ಮತ್ತೆ ಜಾರಿತು. ಅಕ್ಕ ಬಗ್ಗಿ ಹೆಕ್ಕಿದಳು.

“ಎಲ್ಲಿಗೆ ಹಾಕ್ಬೇಕು ಹೇಳಿ. ಬೆರಳು ನನ್ನದು, ಬುದ್ಧಿ ನಿಮ್ಮದು.”

“ಇಷ್ಟು ವರ್ಷ ಎರಡೂ ನನ್ನದೇ ಇತ್ತು.”

“ಎರಡನೇದು ಯಾವತ್ತು ಇತ್ತು ಹೇಳಿ?”

ಇಲಿ ಮೇಡಂ ಬೇರೆ ಕಡೆ ತಿರುಗಿ ಕೆಮ್ಮಿದಳು. ಭಾವ ಸ್ಕ್ರೂಡ್ರೈವರಿನ ಹಿಡಿಗೆ ಕರವಸ್ತ್ರ ಸುತ್ತಿ ಬೈಯುತ್ತಾ ದಾರಿ ತೋರಿಸಿದರು, ಅಕ್ಕ ಬೈಸಿಕೊಳ್ಳುತ್ತಾ ತಿರುಗಿಸಿದಳು. ಈ ಸಲ ಕಿಟಕಿಯ ನಾಲ್ಕು ಥರ್ಮಾಮೀಟರಿನಲ್ಲೂ ನಾಲ್ಕಾಗುವವರೆಗೆ ಇಬ್ಬರೂ ಬಿಡಲಿಲ್ಲ.

ಯಂತ್ರ ಒಳಗೆ ಹೋಯಿತು, ಟೋಪಿ ಚೀಲ ಸಮೇತ ಇವರೂ ಹೋದರು. ಇಲಿ ಮೇಡಂ ಒಂದು ಇಲಿಯನ್ನು ಎತ್ತಿ ತಟ್ಟೆಯ ಮೇಲೆ ಬಿಟ್ಟಳು. ಅದು ಮೂಗು ಅಲುಗಿಸಿತು. ತಟಕ್ಕನೆ ಹಿಂಗಾಲೆತ್ತಿ, ಗಾಳಿಯಲ್ಲಿ ಕೊಡವಿ, ಅದನ್ನು ಬಾಯಿಗೆ ತಂದು ನೆಕ್ಕಿತು. ಅವಳು ಕೂಡಲೇ ಅದನ್ನು ಎತ್ತಿ ಹೊಟ್ಟಿನ ಮೇಲೆ ಬಿಟ್ಟಳು. ಅವಳ ಮುಖ ಅರಳಿತ್ತು. ಅಕ್ಕ ಮಾತ್ರ ಗಂಡನನ್ನು ನೋಡುತ್ತಿದ್ದಳು. ಹಾಗೆ ಕೊಡವಿ ಹಾಗೆ ಬಾಯಿಗೆ ತರುವುದನ್ನು ಅವಳು ದಿನಾ ಬೆಳಿಗ್ಗೆ ನಲ್ಲಿಯ ಹತ್ತಿರ ನೋಡುತ್ತಿದ್ದಳು.

ಭಾವ ಡಬ್ಬಿಯ ಹತ್ತಿರ ಬಗ್ಗಿದರು. ಇಷ್ಟು ಪುಟ್ಟ ಪ್ರಾಣಿಗೆ ನೋವಾದದ್ದಕ್ಕೆ ಇಷ್ಟು ಜನಕ್ಕೆ ಖುಷಿಯಾಗಿದೆ, ಇದೆಂಥ ವ್ಯಾಪಾರವೋ ಎಂದು ಗೊಣಗಿದರು. ಆಮೇಲೆ ಆ ಇನ್ನೊಂದು ಔಷಧಿ, ನರ ಕಾಯುವುದು, ಕೆಲಸ ಮಾಡುತ್ತದೆಯೇ ಎಂದು ಕೇಳಿದರು. ಇಲಿ ಮೇಡಂ ಸುಳ್ಳು ಹೇಳಲಿಲ್ಲ. ಇನ್ನೂ ಗೊತ್ತಿಲ್ಲ, ಇಲಿಯಲ್ಲಿ ಗೊತ್ತಾದರೂ ಮನುಷ್ಯರಿಗೆ ಬರಲು ವರ್ಷಗಳಾಗುತ್ತವೆ, ಬಾರದೆಯೂ ಇರಬಹುದು. ನಿಮ್ಮ ಕೈಗಂತೂ ಸಿಗಲಿಕ್ಕಿಲ್ಲ ಎಂದಳು.

“ನನ್ನ ಕೈ ಬಿಡಿ” ಎಂದರು ಭಾವ. “ನಾಳೆ ಯಾರಿಗಾದ್ರೂ ಅದನ್ನ ಕೊಡೋದಾದ್ರೆ, ಸರಿಯಾದ ತಟ್ಟೆ ಮೇಲೆ ನೋಡಿ ಕೊಡಿ. ತಿಂಗಳಿಗೊಂದ್ಸಲ ಬಂದು ತಟ್ಟೆ ನೋಡೋದು ನನ್ನ ಜವಾಬ್ದಾರಿ. ಮೀಟರ್ ಹಿಡ್ಕೊಂಡೇ ಬರ್ತೀನಿ.”

ಮೀಟರ್ ಎಂಬ ಮಾತು ಅವರ ಬಾಯಿಂದ ಗೌರವದಲ್ಲಿ ಬಂದದ್ದನ್ನು ಅಕ್ಕ ಆ ದಿನ ಮೊದಲ ಸಲ ಕೇಳಿದಳು.

ಮುಂದಿನ ಸುತ್ತಿಗೆ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಎಂದಿನ ಪ್ರಶ್ನೆ ಕೇಳಿದರು. ಇಲಿಗೆ ಮರ್ಯಾದೆಯ ಪ್ರಶ್ನೆಯಿಲ್ಲ, ನೋವಾದರೆ ಕಾಲೆತ್ತುತ್ತದೆ, ನಾನು ಇಷ್ಟು ದಿನ ತಟ್ಟೆಯ ಮೇಲೆ ಪಾರ್ಕಿನಲ್ಲಿ ನಿಂತ ಹಾಗೆ ನಿಂತಿದ್ದೆ ಎಂದು ಭಾವ ಹೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಸಂಖ್ಯೆ ಹೇಳಿ ಎಂದರು.

“ಏಳು.”

ಎರಡರಿಂದ ಒಮ್ಮೆಲೇ ಏಳೇ ಎಂದು ಅವರು ಗಾಬರಿಯಾದರು. ಫ್ರಿಜ್ಜಿನೊಳಗಿನ ಡಯಲ್ಲಿನಲ್ಲಿ ಏಳರಾಚೆಗೆ ಅಂಕಿಯೇ ಇಲ್ಲ, ತಮಗೆ ಗೊತ್ತಿರುವ ಕೊನೆಯ ಅಂಕಿ ಅದು ಎಂದು ಭಾವ ವಿವರಿಸಿದ ಮೇಲೆ ಡಾಕ್ಟರಮ್ಮ ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು. ಮೊದಲೇ ಹೇಳಬೇಕಿತ್ತು ಎಂದರು. ಪಿನ್ನು, ಹತ್ತಿ ತಂದು ಬೆರಳು ಪಾದಗಳನ್ನು ಪರೀಕ್ಷಿಸಿದರು. ಉಳಿದ ಸುತ್ತುಗಳಲ್ಲಿ ಆ ಒಂದು ಮದ್ದನ್ನು ಬಿಟ್ಟು ಮಿಕ್ಕದ್ದನ್ನು ಕೊಡುವುದೆಂದಾಯಿತು. ಇಷ್ಟರೊಳಗೆ ಹೋಗಬೇಕಾದ ಬಹುಪಾಲು ಹೋಗಿದೆ, ಇದು ಅರ್ಧ ಗ್ಯಾಸಲ್ಲ ಎಂದು ಡಾಕ್ಟರಮ್ಮನೇ ಭಾವನ ಭಾಷೆಯಲ್ಲಿ ಹೇಳಿದರು. ತಣ್ಣನೆಯ ಶಾಕ್ ಬರಬರುತ್ತಾ ಇಳಿಯುತ್ತದೆ. ಜೋಮು ಹೋಗಬಹುದು, ತಿಂಗಳುಗಟ್ಟಲೆ ಇರಬಹುದು, ಸ್ವಲ್ಪ ಉಳಿದೇ ಹೋಗಬಹುದು.

“ಉಳಿದ್ರೆ ಉಳೀಲಿ. ನಾನೂ ಉಳೀತೀನಲ್ಲ” ಎಂದು ಎದ್ದರು ಭಾವ.

ಪ್ಲಗ್ಗಿನ ಕಥೆ ಬೀಗದವನ ಬಾಯಿಂದ ಊರು ಸುತ್ತಿ ನನ್ನ ತಮ್ಮನನ್ನು ತಲುಪಲು ಹೆಚ್ಚು ದಿನ ಬೇಕಾಗಲಿಲ್ಲ. ಭಾನುವಾರ ಬೆಳಿಗ್ಗೆ ಅವನು ಬಂದ. ಹಣ್ಣು ತಂದಿದ್ದ, ಆರೋಗ್ಯ ವಿಚಾರಿಸಿದ, ಹವಾಮಾನದ ಬಗ್ಗೆ ಮಾತಾಡಿದ. ಮೊಬೈಲ್ ಕವರಿನ ‘ಮೊ’ ಅನ್ನುವ ಮೊದಲೇ ಭಾವ ಎದ್ದು ಹೋಗಿ, ಗೋಡೆಯ ಮೊಳೆಯಲ್ಲಿದ್ದ ಅಂಗಡಿಯ ಬೀಗದ ಕೈ ತಂದು ಮೇಜಿನ ನಡುವೆ ಇಟ್ಟರು. ಉಕ್ಕಿನದು, ಮೊಂಡು ಹಲ್ಲಿನದು, ಚಳಿಯ ಬೆಳಿಗ್ಗೆ ಗೋಡೆಯಷ್ಟೇ ತಣ್ಣಗಿದ್ದದ್ದು. ಅಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಒಂದಲ್ಲ, ಎರಡು ಮಷೀನಿಗೆ ತಪ್ಪು ಹೇಳಿದೆ” ಎಂದರು ಭಾವ. “ಒಂದು ನಿನಗೆ ಗೊತ್ತಿದೆ. ಇನ್ನೊಂದು ಅದಕ್ಕಿಂತ ದೊಡ್ಡದು.” ಎಂದು ಅದನ್ನೂ ಪೂರ್ತಿ ಹೇಳಿದರು.

ತಮ್ಮನಿಗೆ ಸಂಕಟವಾಯಿತು. ಅವನು ಗೆಲ್ಲಲು ಬಂದಿದ್ದ, ಗೆಲುವು ಹೀಗೆ ತಟ್ಟೆಯಲ್ಲಿಟ್ಟು ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ನಿಮ್ಮ ಒಳ್ಳೇದಕ್ಕೇ ಭಾವ ಎಂದು ಮೆಲ್ಲಗೆ ಕೈ ಚಾಚಿದ.

ಅವನ ಬೆರಳು ಮುಟ್ಟುವ ಮೊದಲೇ ಭಾವನ ಬಲಗೈ ಬೀಗದ ಕೈಯ ಮೇಲೆ ಬಿತ್ತು. ಬರಿಗೈ. ಅವರು ಅದನ್ನು ಮುಷ್ಟಿಯಲ್ಲಿ ಹಿಡಿದು ಮುಚ್ಚಿದರು. ತೋಳಿನ ನರಗಳು ಎದ್ದವು, ತುಟಿ ಬಿಳಿಚಿತು. ಬಿಡಲಿಲ್ಲ.

“ಮಾತು ಕೊಟ್ಟಿದ್ದು ಹೌದು. ಕೈ ತಪ್ಪಿದ್ದೂ ಹೌದು. ಬೀಗದ ಕೈ ಕೊಡಲ್ಲ.”

“ಮತ್ತೆ ಮಾತಿಗೆ ತಪ್ಪಿದ ಹಾಗಾಗಲ್ವಾ ಭಾವ?”

“ಆಗ್ಲಿ. ಕರುಳಲ್ಲೇ ಒಂದು ಗೇಣು ಹೋಗಿದೆ, ಮಾತಲ್ಲಿ ಒಂದು ಹೋದ್ರೆ ನಾನೇನು ಸಾಯ್ತೀನಾ? ಈ ಕೈ ನಂಬಿ ಮಾತು ಕೊಟ್ಟೆ. ಕೈಯೇ ಸುಳ್ಳು ಹೇಳ್ತಿತ್ತು. ಸುಳ್ಳುಗಾರನ ಜಾಮೀನು ನಡೆಯಲ್ಲ.”

ತಮ್ಮ ಅಕ್ಕನ ಕಡೆ ನೋಡಿದ, ನೀನಾದರೂ ಹೇಳು ಎಂಬಂತೆ. ಅಕ್ಕ ಬಂದು ಗಂಡನ ಮುಷ್ಟಿಯನ್ನು ಒಂದೊಂದೇ ಬೆರಳಾಗಿ ಬಿಡಿಸಿ, ಬೀಗದ ಕೈ ತೆಗೆದುಕೊಂಡು, ಸೆರಗಿನಲ್ಲಿ ತಿಕ್ಕಿ ಬೆಚ್ಚಗೆ ಮಾಡಿ, ಮತ್ತೆ ಅದೇ ಅಂಗೈಯಲ್ಲಿಟ್ಟಳು.

“ಹಣ್ಣು ಹೆಚ್ಚಿಕೊಡ್ಲೇನೋ?” ಎಂದು ತಮ್ಮನನ್ನು ಕೇಳಿದಳು.

ಈಗ ಅಂಗಡಿಗೆ ಹೋದರೆ ಭಾವ ಹೂವಿನ ಚಿತ್ತಾರದ ದಪ್ಪ ಕೈಗವಸುಗಳನ್ನು ತೊಟ್ಟು ನಿಂತಿರುವುದು ಕಾಣುತ್ತದೆ. ಅಕ್ಕ ಒಲೆಯಿಂದ ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡಿದ್ದವು. ಸಣ್ಣ ಸ್ಕ್ರೂಗಳನ್ನು ಹಿಡಿಯಲು ತುದಿಗೆ ಅಯಸ್ಕಾಂತ ಕಟ್ಟಿದ ಕಡ್ಡಿ. ಕುತ್ತಿಗೆಯಲ್ಲಿ ದಾರ, ದಾರದ ತುದಿಗೆ ಥರ್ಮಾಮೀಟರ್, ಡಾಕ್ಟರ ಸ್ಟೆತಸ್ಕೋಪಿನ ಹಾಗೆ. ಮೇಜು ಅಲುಗಾಡುತ್ತಲೇ ಇದೆ. ಬೀಗದವನು, ಟೈರಿನವನು ದಿನಕ್ಕೊಂದು ಕುಹಕವಾಡುತ್ತಾರೆ, ಭಾವ ದಿನಕ್ಕೆರಡು ಹಿಂದಿರುಗಿಸುತ್ತಾರೆ. ಕೆಲಸ ಮೊದಲಿಗಿಂತ ನಿಧಾನ. ಆ ಕೈಯನ್ನೇ ನಂಬಿದ್ದ ಕೆಲವರು ಬೇರೆ ಅಂಗಡಿಗೆ ಹೋದರು. ಹೆಡ್‌ಮಿಸ್ಟ್ರೆಸ್ ಹೋಗಲಿಲ್ಲ.

ಅವರೇ ಮೊನ್ನೆ ಬಂದವರು, ಭಾವ ಫ್ರೀಜರಿನೊಳಗೆ ಥರ್ಮಾಮೀಟರಿನ ಕಡ್ಡಿ ಇಟ್ಟು ಅಂಕಿ ನಿಲ್ಲುವುದನ್ನು ಕಾಯುತ್ತಿರುವುದು ನೋಡಿ, ಕೈ ಇಟ್ಟು ನೋಡುವುದಿಲ್ಲವೇ ಎಂದು ಕೇಳಿದರು.

“ಕೈಗೆ ರಜೆ ಕೊಟ್ಟಿದ್ದೀನಿ ಮೇಡಂ” ಎಂದರು ಭಾವ, ಅಂಕಿಯಿಂದ ಕಣ್ಣು ತೆಗೆಯದೆ. “ನಾನು ತಗೊಂಡಿಲ್ಲ. ಆ ಪ್ಲಗ್ಗು ಹಾಕಿದೆಯಾ ಸ್ವಲ್ಪ ನೋಡಿ.”